ಬೀರುವಿನೊಳಗೆ ಏಳು ಬಣ್ಣ

ಬೆಳಗಿನ ಐದೂವರೆ. ಮೂರನೇ ಮಹಡಿಯ ಖಾಲಿ ಮನೆಯಲ್ಲಿ, ನೆಲಕ್ಕೆ ಹಾಸಿದ ಹಳೆಯ ಪತ್ರಿಕೆಗಳ ಮೇಲೆ ಬರಿಗಾಲಲ್ಲಿ ನಿಂತ ಮನುಷ್ಯ ಗೋಡೆಯನ್ನು ಬೆರಳಗೆಣ್ಣಿನಿಂದ ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ಹೆಜ್ಜೆ ಹಾಕುತ್ತಿದ್ದಾರೆ. ಹಾಸಿದ ಕಾಗದಗಳಲ್ಲಿ ನಮ್ಮ ಪುರವಣಿಯೂ ಇದೆ. ನಾನು ಮೂರು ವಾರ ಕೂತು ಬರೆದ ಲೇಖನದ ಮೇಲೆ ಅವರ ಎಡಗಾಲಿದೆ. ನೋಡಿಯೂ ನೋಡದಂತೆ ಇರುತ್ತೇನೆ.

ಜೊತೆ ಕೆಲಸದವರು ಇವರನ್ನು ಸುಣ್ಣದಣ್ಣ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಬಾಡಿಗೆಯವರು ಬಿಟ್ಟುಹೋದ ಮನೆಗೆ ಮುಂದಿನವರು ಬರುವಷ್ಟರಲ್ಲಿ ಬಣ್ಣ ಬಳಿದು ಹೊಸದು ಮಾಡುವುದು ಇವರ ಕಸುಬು. ಈ ಮನೆಯಲ್ಲಿ ಉಳಿದಿರುವುದು ಮಲಗುವ ಕೋಣೆಯ ಗೋಡೆಬೀರುವಿನ ಒಳಭಾಗ ಮಾತ್ರ. ಹತ್ತು ಗಂಟೆಗೆ ಮನೆ ನೋಡುವವರು ಬರುತ್ತಾರಂತೆ.

ಅವರು ಬೀರುವಿನೊಳಗೆ ತಲೆ ತೂರಿಸಿ, ಹಿಂಗೋಡೆಯಲ್ಲಿ ಲೋಟದ ಬಾಯಿಯಷ್ಟಗಲ ಜಾಗವನ್ನು ಉಜ್ಜುಕಾಗದದಿಂದ ಗುಂಡಗೆ ಉಜ್ಜುತ್ತಾರೆ. ಕೆನೆಬಣ್ಣ ಸವೆದು ತಿಳಿಹಳದಿ ಕಾಣುತ್ತದೆ. ಅದರೊಳಗೆ ನೀಲಿ, ನೀಲಿಯೊಳಗೆ ಗುಲಾಬಿ, ಹೀಗೆ ಒಂದರೊಳಗೊಂದು ಬಳೆ. ಎಣಿಸುತ್ತೇನೆ. ಏಳು. ನಡುವಿನ ಗಾರೆಗೆ ಬೆರಳು ಸೋಕಿದರೆ ಒದ್ದೆ ಪುಡಿ ಉದುರುತ್ತದೆ.

"ಮನೆ ಕಟ್ಟಿ ಒಂಬತ್ತು ವರ್ಷ. ಏಳು ಬಣ್ಣ ಅಂದ್ರೆ ಏಳು ಸಂಸಾರ ಬಂದು ಹೋಗಿದೆ" ಎನ್ನುತ್ತಾರೆ. "ಗೋಡೆಯೊಳಗೆ ಪೈಪ್ ಒಡೆದಿದೆ. ಇಲ್ದಿದ್ರೆ ಸುಮ್‌ಸುಮ್ನೆ ಯಾರು ಗಂಟುಮೂಟೆ ಕಟ್ತಾರೆ ಹೇಳಿ?"

ನಾನು ಈ ಊರಿನಲ್ಲಿ ಐದು ಮನೆ ಬದಲಿಸಿದ್ದೇನೆ. ಒಂದು ಗೋಡೆಯನ್ನೂ ಹೀಗೆ ಓದಿದವನಲ್ಲ.

ಬೀರುವಿಗೆಲ್ಲ ಬಣ್ಣ ಬಳಿದು, ಆ ಲೋಟದಗಲ ಜಾಗವನ್ನು ಮಾತ್ರ ಅವರು ಹಾಗೇ ಬಿಡುತ್ತಾರೆ. ಇಪ್ಪತ್ತನಾಲ್ಕು ವರ್ಷಗಳಿಂದ, ವರ್ಷಕ್ಕೆ ಸುಮಾರು ಎಂಬತ್ತು ಮನೆಯಂತೆ, ಪ್ರತಿ ಮನೆಯಲ್ಲೂ ಬಿಟ್ಟಿದ್ದಾರೆ. ಸರಿಸುಮಾರು ಎರಡು ಸಾವಿರ ಮನೆ. ಒಳ್ಳೆಯ ಮನೆಗೂ ಬಿಡುತ್ತೀರಾ ಎಂದರೆ, "ಅಲ್ಲೇ ಮೊದಲು ಬಿಡಬೇಕು. ಎರಡೇ ಬಣ್ಣ ಕಂಡ್ರೆ ಮನೆಯೋರಿಗೆ ಮರ್ಯಾದೆ ಅಲ್ವಾ?" ಎನ್ನುತ್ತಾರೆ. ಇಷ್ಟು ಮನೆಗಳಲ್ಲಿ ಅದನ್ನು ಕಂಡು ಕೇಳಿದವರು ನಲವತ್ತೋ ಐವತ್ತೋ ಮಂದಿ. ಮನೆಯೊಡೆಯರ ಕಣ್ಣಿಗೆ ಬಿದ್ದಾಗಲೆಲ್ಲ ಕೆಲಸಕ್ಕೆ ಕುತ್ತು.

ಅವರದು ಒಂದು ಕಟ್ಟುಪಾಡು. "ಕೂಲಿ ಕೊಟ್ಟವರ ಮನೆ ಬಗ್ಗೆ ನಾನಾಗಿ ಬಾಯಿ ಬಿಡಲ್ಲ. ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ."

ಇದರ ಬೇರು ಇಪ್ಪತ್ತಾರು ವರ್ಷ ಹಿಂದಿದೆ. ಹೆಂಡತಿ ಮತ್ತು ಆರು ತಿಂಗಳ ಮಗಳೊಂದಿಗೆ ಈ ಮಹಾನಗರಕ್ಕೆ ಬಂದಿಳಿದಾಗ ಅವರು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ತಗ್ಗಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತು. ಬಾಡಿಗೆ ಕಮ್ಮಿ, ಗೋಡೆಗೆ ಆಗಷ್ಟೇ ಬಳಿದ ನೀಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿತ್ತು, ನೀಲಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಮೊದಲ ಮಳೆಗೇ ಬಣ್ಣ ಸುಲಿದು ಬಂತು. ಮಗಳಿಗೆ ಹಿಡಿದ ಕೆಮ್ಮು ಎರಡು ವರ್ಷ ಬಿಡಲಿಲ್ಲ, ಎರಡು ಸಲ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡಿತು ಕೂಸು. ಬಾಡಿಗೆಯಲ್ಲಿ ಉಳಿದದ್ದೆಲ್ಲ ಔಷಧಿಗೆ ಹೋಯಿತು, ಮೇಲೆ ಹೆಂಡತಿಯ ಓಲೆಯೂ ಹೋಯಿತು.

"ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ವಿ" ಎನ್ನುತ್ತಾರೆ ಸುಣ್ಣದಣ್ಣ. "ಆದ್ರೆ ಹಾಸಿಗೇನೇ ಒದ್ದೆ ಇತ್ತು."

ಮೂಟೆ ಬಿಟ್ಟು ಕುಂಚ ಹಿಡಿದದ್ದು ಸಿಟ್ಟಿನಿಂದ. ಬಣ್ಣದ ಹೊಟ್ಟೆಯಲ್ಲಿ ಏನಿದೆ ನೋಡಿಯೇಬಿಡಬೇಕು ಎಂಬ ಹಟ. ಈಗ ಅವರಿಗೆ ಈ ಊರು ಅಂಗೈ ಗೆರೆ. ದೊಡ್ಡ ರಸ್ತೆಯ ಮನೆಗಳಲ್ಲಿ ಕಿಟಕಿಯ ಸುತ್ತ ಮಸಿ, ತಗ್ಗಿನ ಬೀದಿಗಳಲ್ಲಿ ಮೊಣಕಾಲೆತ್ತರಕ್ಕೆ ನೀರಿನ ಗೆರೆ. ದಿಬ್ಬದ ಮೇಲಿನ ಓಣಿಯಲ್ಲಿ ಇಪ್ಪತ್ತು ವರ್ಷಕ್ಕೆ ಮೂರೇ ಬಣ್ಣ. ಅಲ್ಲಿನವರು ತನಗೆ ಕೆಲಸವನ್ನೇ ಕೊಡುವುದಿಲ್ಲ ಎಂದು ಸುಣ್ಣದಣ್ಣ ನಗುತ್ತಾರೆ.

ಹತ್ತಕ್ಕೆ ಸರಿಯಾಗಿ ಕೆಳಮನೆಯಲ್ಲೇ ವಾಸವಿರುವ ಒಡತಿ ಮೆಟ್ಟಿಲು ಹತ್ತಿ ಬರುತ್ತಾರೆ. ಈ ಬಾಡಿಗೆಯಲ್ಲೇ ಬದುಕುವ ವಯಸ್ಸಾದ ಹೆಂಗಸು. ಹಿಂದೆಯೇ ಎಳೆಯ ದಂಪತಿ, ತಾಯಿಯ ಹೆಗಲ ಮೇಲೆ ನಿದ್ದೆಹೋದ ಮಗು. ಕೆಲಸ ಮುಗಿಸಿ ಕುಂಚ ತೊಳೆಯುತ್ತಿದ್ದ ಸುಣ್ಣದಣ್ಣನ ಕೈ ತಡೆಯುತ್ತದೆ. ಆ ಮಗುವಿಗೂ ಆರೇಳು ತಿಂಗಳಿರಬೇಕು.

ಗಂಡ ನಲ್ಲಿ ತಿರುಗಿಸುತ್ತಾನೆ, ಗಾಳಿ ಚೆನ್ನಾಗಿದೆ ಎನ್ನುತ್ತಾನೆ, ಬಾಡಿಗೆ ನಮ್ಮ ಲೆಕ್ಕಕ್ಕೆ ಕೂಡುತ್ತದೆ ಎನ್ನುತ್ತಾನೆ. ಮುಂಗಡದ ಮಾತು ಶುರುವಾಗುತ್ತದೆ. ಬೀರುವಿನ ಬಾಗಿಲು ಮುಚ್ಚಿಯೇ ಇದೆ. ನನಗೆ ಕೂಗಿ ಹೇಳಿಬಿಡುವಷ್ಟು ಚಡಪಡಿಕೆ. ಸುಣ್ಣದಣ್ಣ ಡಬ್ಬದ ಅಂಚು ಒರೆಸುತ್ತಾ ನಿಂತಿದ್ದಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

ಗಂಡ ಜೇಬಿಗೆ ಕೈ ಹಾಕಿದ್ದಾನೆ. ಆಗ ಹೆಂಡತಿ, "ತಡೀರಿ, ಮಗು ಬಟ್ಟೆ ಇಡೋಕೆ ಜಾಗ ಎಷ್ಟಿದೆ ನೋಡ್ತೀನಿ" ಎಂದು ಬೀರು ತೆಗೆಯುತ್ತಾಳೆ. ಬಗ್ಗುತ್ತಾಳೆ. ಬೆರಳಿಂದ ಮುಟ್ಟುತ್ತಾಳೆ.

"ಅಣ್ಣಾ, ಇಲ್ಲಿ ಯಾಕೆ ಇಷ್ಟೊಂದು ಬಣ್ಣ?"

"ಒಂಬತ್ತು ವರ್ಷಕ್ಕೆ ಏಳು ಸಂಸಾರ ತಾಯಿ" ಎನ್ನುತ್ತಾರೆ ಅವರು. "ಗೋಡೆ ಒಳಗಿಂದ ಒದ್ದೆ."

ಒಡತಿ ಬೀರುವಿನೊಳಗೆ ಇಣುಕಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಪೈಪ್ ಸರಿಮಾಡಬೇಕಾದರೆ ಮೇಲ್ಮನೆಯ ಬಚ್ಚಲನ್ನೇ ಅಗೆಯಬೇಕು, ಅಷ್ಟು ಹಣ ಎಲ್ಲಿಂದ ತರಲಿ ಎನ್ನುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ. ಆಮೇಲೆ ಆ ದಿನದ ಕೂಲಿಯನ್ನು ಪೂರ್ತಿ ಎಣಿಸಿಕೊಟ್ಟು, "ಇನ್ನು ನನ್ನ ನಾಲ್ಕೂ ಮನೆಗೆ ಬೇರೆಯವರನ್ನ ನೋಡ್ಕೋತೀನಿ" ಎನ್ನುತ್ತಾರೆ. ಸುಣ್ಣದಣ್ಣ ತಲೆಯಾಡಿಸಿ ಏಣಿ ಮಡಚುತ್ತಾರೆ.

ದಂಪತಿ ಬೀದಿಯಲ್ಲಿ ಕಾದು ನಿಂತಿದ್ದಾರೆ. ಹಾಗಾದರೆ ಎಲ್ಲಿ ನೋಡೋಣ ಎಂದು ಅವಳು ಕೇಳುತ್ತಾಳೆ. "ದಿಬ್ಬದ ಓಣೀಲಿ ನೋಡಿ. ಬಾಡಿಗೆ ಜಾಸ್ತಿ, ಬಸ್ಸಿಗೂ ನಡೀಬೇಕು. ಆದ್ರೆ ಬಾಡಿಗೆ ಒಂದನ್ನೇ ನೋಡ್ಬೇಡಿ. ಬಸ್ಸಿನ ದುಡ್ಡು, ನೀರಿನ ದುಡ್ಡು, ಮಗು ಔಷಧಿ, ಎಲ್ಲ ಕೂಡಿಸಿ ಆಮೇಲೆ ಯಾವುದು ಅಗ್ಗ ಹೇಳಿ." ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ದಿಬ್ಬಕ್ಕೆ ದಾರಿ ಯಾವುದು ಎನ್ನುತ್ತಾಳೆ.

ಮಧ್ಯಾಹ್ನ ಅವರ ಮನೆಗೆ ಹೋಗುತ್ತೇವೆ. ಅದೂ ಬಾಡಿಗೆಯದೇ, ಎರಡು ಕೋಣೆ. ತಗ್ಗಿನ ಕೋಣೆ ಬಿಟ್ಟಾಗ ಗೋಡೆ ಉಜ್ಜಿ ನೋಡಿಯೇ ಹಿಡಿದದ್ದಂತೆ. ಹೆಚ್ಚಿನ ಬಾಡಿಗೆ ತೂಗಿಸಲು ಎರಡು ವರ್ಷ ಬಸ್ಸು ಹತ್ತದೆ ಕೆಲಸಕ್ಕೆ ನಡೆದರು. ಕೆಮ್ಮುತ್ತಿದ್ದ ಕೂಸು ಈಗ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಅವಳ ಸೀಟಿ ಎರಡು ಬೀದಿ ಆಚೆಗೂ ಕೇಳುತ್ತದೆ ಎಂದು ತಾಯಿ ಹೇಳುತ್ತಾರೆ.

"ಇವತ್ತು ಎಷ್ಟು ಮನೆ ಹೋಯ್ತು?" ಗಂಡನ ಮುಖ ನೋಡಿಯೇ ಅವರು ಕೇಳುತ್ತಾರೆ.

"ನಾಲ್ಕು."

"ಬೀರು ತೆಗೆದ್ರಾ?"

"ತೆಗೆದ್ರು."

ಹೆಂಡತಿ ತಟ್ಟೆ ಹಾಕುತ್ತಾರೆ. ಗೋಡೆಗಳು ಬಣ್ಣ ಮಾಸಿ ಯಾವ ಹಸಿರೆಂದು ಹೇಳಲಾಗದಂತಿವೆ. ಊರಿಗೆಲ್ಲ ಬಳಿಯುವವರ ಮನೆಯೇ ಹೀಗಿದ್ದರೆ ಜನ ನಗುವುದಿಲ್ಲವೇ ಎಂದು ರೇಗಿಸುತ್ತೇನೆ.

ಸುಣ್ಣದಣ್ಣ ಎದ್ದು ಹೋಗಿ ಬಾಗಿಲ ಹಿಂದಿನ ಲೋಟದಗಲ ಜಾಗ ತೋರಿಸುತ್ತಾರೆ. ಹೊರಗೆ ಹಸಿರು, ಒಳಗೆ ಮನೆ ಕಟ್ಟಿದಾಗಿನ ಬಿಳಿ. ಅಷ್ಟೇ.

"ಹೊಸ ಬಣ್ಣ ಬಳೀಬೇಕಂದ್ರೆ ಯಾರಾದ್ರೂ ಖಾಲಿ ಮಾಡ್ಬೇಕಲ್ಲ?" ಎನ್ನುತ್ತಾರೆ. "ಇಪ್ಪತ್ತನಾಲ್ಕು ವರ್ಷ ಆಯ್ತು. ನಾವು ಖಾಲಿ ಮಾಡೇ ಇಲ್ಲ."