ಹೊಡೆದವನೇ ಹೋಗಿ ಹೇಳಬೇಕು

ಮೊನ್ನೆ ಸೊಸೆ ದೇವರ ದೀಪಗಳನ್ನು ಜಗಲಿಯ ಮೇಲೆ ಹರಡಿಕೊಂಡು ಹಿತ್ತಾಳೆ ಪಾಲಿಶ್ ಹಾಕಿ ಉಜ್ಜುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಕಣ್ಣಮುಂದೆ ಬಂದರು. ಬೆಳಿಗ್ಗೆ ಠಾಣೆಯ ಮೆಟ್ಟಿಲ ಮೇಲೆ ಕೂತು ತಮ್ಮ ಬೆಲ್ಟಿನ ಬಕಲ್ಲನ್ನು ತಾವೇ ಉಜ್ಜಿಕೊಳ್ಳುತ್ತಿದ್ದರು. ಆ ಕಾಲಕ್ಕೆ ಅಂಥ ಕೆಲಸಕ್ಕೆ ನಮ್ಮಂಥ ಪೇದೆಗಳೇ ಇರುತ್ತಿದ್ದುದು. ನಾನು ಮಾಡಿಕೊಡುತ್ತೇನೆ ಅಂದರೆ, ನಿನ್ನದು ಮೊದಲು ಉಜ್ಜಿಕೊ ಹೋಗಪ್ಪ ಎಂದು ನಗುತ್ತಿದ್ದರು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವಿನ ಒಂದು ಸಣ್ಣ ಠಾಣೆ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಖಾಕಿ ತೊಟ್ಟು ಬೀದಿಗಿಳಿದರೆ ಜನ ದಾರಿ ಬಿಡುತ್ತಿದ್ದರು. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಊರಿನ ದೊಡ್ಡ ತೋಟದ ಯಜಮಾನರ ಮನೆಯಿಂದ ಕೊಬ್ಬರಿ ಕಳವಾಯಿತು. ವರ್ಷವಿಡೀ ಅಟ್ಟದ ಮೇಲೆ ಒಣಗಿಸಿ, ಸುಲಿದು, ಮೂಟೆ ಕಟ್ಟಿಟ್ಟಿದ್ದ ಮಾಲು. ಅವರ ತೋಟದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತರುಬಿ ನಿಲ್ಲಿಸಿದ್ದ ಹುಳಿಯಾರು ಕಡೆಯ ಕುರಿಗಾಹಿಯೊಬ್ಬ ಹಿಂದಿನ ದಿನವಷ್ಟೇ ಮಂದೆ ಎಬ್ಬಿಸಿಕೊಂಡು ಹೊರಟಿದ್ದ. ಯಜಮಾನರಿಗೆ ಅಷ್ಟೇ ಸಾಕಾಯಿತು. ಆಳುಗಳನ್ನು ಬಿಟ್ಟು ದಾರಿಯಲ್ಲೇ ಅವನನ್ನು ಹಿಡಿಸಿ ಠಾಣೆಗೆ ತಂದರು.

ಸಾಹೇಬರು ಅಂದು ಕೋರ್ಟಿನ ಕೆಲಸಕ್ಕೆ ತಿಪಟೂರಿಗೆ ಹೋಗಿದ್ದರು. ಹೆಡ್ ಕಾನ್‌ಸ್ಟೇಬಲ್ ಊಟಕ್ಕೆ ಎದ್ದಿದ್ದರು. ಯಜಮಾನರು ಬೆಂಚಿನ ಮೇಲೆ ಕೂತು ನನ್ನತ್ತ ನೋಡಿದರು.

"ಅವ್ನೇ ಕಣಪ್ಪ. ಎರಡೇಟು ಬುಟ್ಟು ನೋಡು, ತಾನೇ ಬಾಯ್ಬುಡ್ತಾನೆ."

ಆ ಮನುಷ್ಯನಿಗೆ ನನ್ನ ತಂದೆಯ ವಯಸ್ಸು. ನಾನಲ್ಲ ಸ್ವಾಮಿ ಎಂಬುದೊಂದೇ ಅವನ ಮಾತು. ಕೈ ಚಾಚು ಎಂದೆ. ಚಾಚಿದ. ಲಾಠಿಯ ಮೂರನೇ ಏಟಿಗೆ ಬಲಗೈ ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಅವನು ಕೂಗಲಿಲ್ಲ. ಕೈಯನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಗೋಡೆಗೆ ಒರಗಿ ಕುಸಿದ...

ಸಾಹೇಬರು ಮಧ್ಯಾಹ್ನದ ಬಸ್ಸಿಗೆ ಬಂದರು. ಬಾತುಹೋಗಿದ್ದ ಕೈ ನೋಡಿ, ಯಾರು ಎಂದು ಕೇಳಿದರು. ನಾನು ಎಂದೆ. ಬೈಯಲಿಲ್ಲ. ಯಜಮಾನರ ಎದುರಿಗೇ ಅವನ ತೋಳು ಹಿಡಿದು ಎಬ್ಬಿಸಿ, ಮುಂದಿನ ಬಸ್ಸಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಟ್ಟು ಹಾಕಿಸಿ ಅವನ ಊರಿಗೆ ಕಳಿಸಿಕೊಟ್ಟರು.

ಮೂರನೇ ದಿನಕ್ಕೆ ಕಳ್ಳ ಸಿಕ್ಕ. ಯಜಮಾನರ ಸ್ವಂತ ಅಳಿಯನೇ ಮೂಟೆಗಳನ್ನು ತಿಪಟೂರಿನ ಮಂಡಿಗೆ ಸಾಗಿಸಿದ್ದ. ಯಜಮಾನರು ದನಿ ತಗ್ಗಿಸಿಕೊಂಡು ಬಂದರು. ಇದು ಮನೆಯ ವಿಷಯ, ಇಲ್ಲಿಗೇ ಬಿಟ್ಟುಬಿಡೋಣ, ಆ ಕುರಿಯವನೇನು ಕೇಳಲು ಬರುವುದಿಲ್ಲ ಎಂದರು. ನಿಮ್ಮ ದೂರಿಗೆ ಏನು ಮಾಡಬೇಕೋ ಕಾನೂನು ನೋಡಿಕೊಳ್ಳುತ್ತದೆ, ಆದರೆ ನನ್ನ ಠಾಣೆಯಲ್ಲಿ ನಡೆದದ್ದನ್ನು ಬಿಡಲಾಗುವುದಿಲ್ಲ ಎಂದು ಸಾಹೇಬರು ಕೈಮುಗಿದು ಕಳಿಸಿದರು.

ಅವತ್ತೇ ಮೇಲಧಿಕಾರಿಗಳಿಗೆ ವರದಿ ಬರೆದರು. ಇದು ನನ್ನ ಸುಪರ್ದಿನ ಠಾಣೆಯಲ್ಲಿ ನಡೆದಿದೆ, ಇದರ ಹೊಣೆ ನನ್ನದು ಎಂಬುದು ಮೊದಲ ಸಾಲು. ನನ್ನ ಹೆಸರು ಅದರ ಕೆಳಗೆ. ನಾನು ಗೋಗರೆದೆ. ಮೇಲಿನವರಿಗೆ ಯಾರಿಗೂ ಗೊತ್ತಿಲ್ಲವಲ್ಲ ಸಾರ್, ಕೆಲಸ ಹೋದರೆ ಮನೆಯಲ್ಲಿ ಎಲ್ಲರೂ ಬೀದಿಗೆ ಬೀಳುತ್ತಾರೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ನೀನ್ ಮಾಡಿದ್ದನ್ನ ಮುಚ್ಚಾಕಲ್ಲ ಕಣಪ್ಪ, ನಿನ್ನ ಕೈಯೂ ಬಿಡಲ್ಲ. ಠಾಣೇಲಿ ಆಗಿದ್ದಕ್ಕೆ ಮೊದ್ಲು ನಾನು. ಆದ್ರೆ ಹೊಡ್ದೋನು ನೀನು. ಅವ್ರ ಬಾಗಿಲಿಗೆ ಹೋಗಿ ನೀನೇ ಹೇಳ್ಬೇಕು. ನಾನೂ ಬತ್ತೀನಿ."

ಮರುದಿನ ಬೆಳಿಗ್ಗೆ ನಾನು ಪಂಚೆ ಉಟ್ಟು ಬಂದಿದ್ದೆ. ಯಾವ ಬಟ್ಟೆಯಲ್ಲಿ ಹೊಡೆದೆಯೋ ಅದನ್ನೇ ಹಾಕಿಕೊಂಡು ಬಾ ಎಂದು ವಾಪಸು ಕಳಿಸಿದರು. ಹುಳಿಯಾರು ಬಸ್ಸಿಳಿದು ಕುರಿಗಾಹಿಯ ಹಟ್ಟಿಗೆ ಎರಡು ಮೈಲಿ ನಡೆದೆವು. ಹಟ್ಟಿಯ ಜನ ಖಾಕಿ ಕಂಡು ಮೊದಲು ಒಳಸರಿದರು, ಆಮೇಲೆ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಸಾಹೇಬರು ಟೋಪಿ ತೆಗೆದು ನನ್ನ ಪಕ್ಕ ನಿಂತರು. ತಪ್ಪು ಮಾಡದವರಿಗೆ ಹೊಡೆದೆ, ತಪ್ಪಾಯಿತು ಎಂದು ನಾನು ಹೇಳಿದೆ.

ಅವನ ಹೆಂಡತಿ ನನ್ನನ್ನೇ ನೋಡಿದಳು. "ಮೂರು ದಿಸದಿಂದ ನಾನೇ ತುತ್ತು ಮಾಡಿ ಉಣ್ಣಿಸ್ತಿವ್ನಿ ಸ್ವಾಮಿ. ನೀವು ಬಂದು ಹೇಳಿದ್ರಿ, ಆಯ್ತು. ಉಣ್ಣೆ ಕತ್ರಿಸೋ ಕೈ ಅದು. ಅದಕ್ಕೇನ್ ಹೇಳ್ತೀರಿ?"

ನಾನು ಕಟ್ಟು ಹಾಕಿದ ಆ ಕೈಯನ್ನೇ ನೋಡಿದೆ. ಸಾಹೇಬರು ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಕೊನೆಗೆ ಆ ಮನುಷ್ಯನೇ, ಬಿಸಿಲಲ್ಲಿ ಬಂದಿದ್ದಾರೆ, ನೀರು ಕೊಡು ಎಂದ. ಆ ನೀರು ಕುಡಿದಷ್ಟು ಕಷ್ಟ ನನಗೆ ಬೇರೆ ಯಾವುದೂ ಆಗಿಲ್ಲ.

ನಾನು ಕೆಲವು ತಿಂಗಳು ಸಸ್ಪೆಂಡ್ ಆದೆ. ವಿಚಾರಣೆಯಲ್ಲಿ ಸಾಹೇಬರು ನಡೆದದ್ದನ್ನು ನಡೆದಂತೆಯೇ ಹೇಳಿದರು. ಅವನೇ ಒಪ್ಪಿಕೊಂಡಿದ್ದಾನೆ, ತಿದ್ದಿಕೊಳ್ಳುತ್ತಾನೆ ಎಂಬುದನ್ನೂ ಸೇರಿಸಿದರು. ಅವರಿಗೆ ಮೆಮೊ ಬಂತು. ಯಜಮಾನರಿಗೆ ಮೇಲಿನವರ ಪರಿಚಯವಿತ್ತು. ಮಳೆಗಾಲಕ್ಕೆ ಮುಂಚೆಯೇ ಸಾಹೇಬರಿಗೆ ದೂರದ ಜಿಲ್ಲೆಗೆ ವರ್ಗವೂ ಆಯಿತು. ಹೋಗುವ ದಿನ ಟ್ರಂಕು ತಾವೇ ಎತ್ತಿ ಬಸ್ಸಿನ ಮೇಲೆ ಹಾಕಿದರು.

ಮುಂದೆ ನಾನೂ ಹೆಡ್ ಕಾನ್‌ಸ್ಟೇಬಲ್ ಆದೆ, ಎ.ಎಸ್.ಐ. ಆದೆ. ನನ್ನ ಕೈ ಮತ್ತೆ ಯಾರ ಮೇಲೂ ಏಳಲಿಲ್ಲ. ಕೈಕೆಳಗಿನವರ ಕೈಯನ್ನು ಎಷ್ಟೋ ಸಲ ಹಿಡಿದು ನಿಲ್ಲಿಸಿದ್ದೇನೆ. ಒಂದು ಸಲ ಮಾತ್ರ ನಾನು ಅಡ್ಡ ಬರುವಷ್ಟರಲ್ಲಿ ಏಟು ಬಿದ್ದಾಗಿತ್ತು... ಆ ವರದಿಯಲ್ಲಿ ಮೊದಲು ನನ್ನ ಹೆಸರನ್ನೇ ಬರೆದೆ. ಪ್ರಮೋಷನ್ ತಪ್ಪಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಸಾಹೇಬರು ತೀರಿಹೋದ ಸುದ್ದಿ ನನಗೆ ಗೊತ್ತಾದದ್ದು ಮೂರು ವರ್ಷ ತಡವಾಗಿ, ತುಮಕೂರಿನಲ್ಲಿ ಸಿಕ್ಕಿದ ಹಳೆಯ ಜೊತೆಗಾರನೊಬ್ಬನಿಂದ. ಒಂದು ಕಾಗದವನ್ನಾದರೂ ಬರೆಯಬೇಕಿತ್ತು. ಬರೆಯಲಿಲ್ಲ. ಆ ಹಟ್ಟಿಗೂ ಮತ್ತೆ ಹೋಗಲಿಲ್ಲ. ಬೆರಳು ಕೂಡಿತೇ, ಅವನು ಮತ್ತೆ ಉಣ್ಣೆ ಕತ್ತರಿಸಿದನೇ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನೂ ಈಗ ಇರಲಾರ. ಮಕ್ಕಳು, ಮೊಮ್ಮಕ್ಕಳು ಇರಬಹುದು.

ಆ ಹಟ್ಟಿಗೆ ಹೋಗಿಬರುತ್ತೇನೆ ಅಂದರೆ, ಮಂಡಿನೋವಿದೆ, ಬೇಡ ಎಂದು ಸೊಸೆ ಅನ್ನುತ್ತಿದ್ದಾಳೆ. ಹುಳಿಯಾರು ಬಸ್ಸು ಬೆಳಿಗ್ಗೆ ಎಂಟಕ್ಕೆ ಬರುತ್ತದೆ. ಈ ಸಲ ಒಬ್ಬನೇ ಹೋಗಬೇಕು. ಹೋಗುತ್ತೇನೆ.