ಗಡಗಡಿ ಬಿಲ್ಲು

ನಮ್ಮ ಯಜಮಾನರು ಜಿರಳೆಯನ್ನೂ ಕೊಲ್ಲುವವರಲ್ಲ. ಅದನ್ನು ಪೇಪರಿನ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬರುತ್ತಿದ್ದರು. ಅಂಥವರು ಒಂದು ಸಂಜೆ ಆಫೀಸಿನಿಂದ ಬಂದು, ಟೈ ಸಡಿಲಿಸುತ್ತಾ, "ನಾನು ಬೇಟೆಗೆ ಹೋಗ್ತೀನಿ ಕಣೇ. ಒಂದು ಬಿಲ್ಲು ತಗೋಬೇಕು" ಎಂದರು. ನಾನು ಬಡಿಯುತ್ತಿದ್ದ ರೊಟ್ಟಿ ಅಲ್ಲೇ ಹರಿಯಿತು.

"ಯಾರ ಜೋಡಿ? ಶ್ರೀರಾಮಚಂದ್ರನ ಜೋಡಿ ಏನ್ರೀ?"

"ಬಾಸ್ ಜೊತೆ."

ಆಗ ನಾವು ಲಾಸ್ ಏಂಜಲಿಸ್‌ನಿಂದ ಎರಡು ತಾಸು ದೂರದ ಪೊವೇ ಎಂಬ ಊರಿನಲ್ಲಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳು. ಯಜಮಾನರ ಬಾಸು ಪ್ರತಿವರ್ಷ ಆಫೀಸಿನ ನಾಲ್ಕಾರು ಜನರನ್ನು ಕಟ್ಟಿಕೊಂಡು ಪೂರ್ವದ ಗುಡ್ಡಗಳಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದ. ಬಂದೂಕವಲ್ಲ, ಬಿಲ್ಲು ಬಾಣ. ಅಲ್ಲಿ ಬೆಂಕಿಯ ಸುತ್ತ ಕೂತು ಮಾತಾಡಿದ್ದೇ ಸೋಮವಾರ ಆಫೀಸಿನಲ್ಲಿ ಆರ್ಡರ್ ಆಗುತ್ತಿತ್ತು. ನಮ್ಮವರನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಸೊಪ್ಪು ತಿನ್ನುವವನಿಗೆ ಅಲ್ಲೇನು ಕೆಲಸ ಎಂದು ಬಿಟ್ಟುಬಿಟ್ಟಿದ್ದರು. ಈ ಸಲ ಇವರೇ ಬಾಯಿಬಿಟ್ಟು ಕೇಳಿ ಹೂಂ ಅನ್ನಿಸಿಕೊಂಡು ಬಂದಿದ್ದರು. ಬೇಟೆಯ ಲೈಸೆನ್ಸಿನ ಕ್ಲಾಸಿಗೂ ಹೋಗಿ ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್ ತೆಗೆದರು. ಪರೀಕ್ಷೆ ಅಂದರೆ ಮೈಸೂರಿನವರು ಬಿಡುತ್ತಾರೆಯೇ!

ಆ ವರ್ಷವೇ ನಮ್ಮ ಅತ್ತೆ ಮೈಸೂರಿನಿಂದ ಬಂದು ಆರು ತಿಂಗಳು ಇದ್ದರು. ನಾನು ಧಾರವಾಡದ ಕಡೆಯವಳು. ನನ್ನ ಗಂಟಲು ದೊಡ್ಡದು, ತೋಳು ದಪ್ಪ, ಎತ್ತರ ಗಂಡನಷ್ಟೇ. ಈ ಮೂರೂ ಅತ್ತೆಗೆ ಆಗದ ವಿಷಯಗಳು. ನಾನು ರೊಟ್ಟಿ ಬಡಿಯಲು ಕೂತರೆ, "ಅಮ್ಮಯ್ಯಾ, ತಮಟೆ ಶುರುವಾಯ್ತು" ಎಂದು ಜಪಮಣಿ ಹಿಡಿದು ಇನ್ನೊಂದು ರೂಮಿಗೆ ಹೋಗುತ್ತಿದ್ದರು. ಬಿಗಿ ಅಂದರೆ ಬಿಗಿ ಹೆಂಗಸು. ಮದುವೆಯಾದಾಗಿನಿಂದ ನನ್ನ ಒಂದು ಕೆಲಸವನ್ನಾದರೂ 'ಪರವಾಗಿಲ್ಲ' ಅಂದವರಲ್ಲ.

ಗಣೇಶನ ಹಬ್ಬಕ್ಕೆ ಪಸಡೀನಾದ ಗೆಳೆಯರ ಮನೆಗೆ ಹೋಗಿದ್ದೆವು. ಮಾರನೆಯ ದಿನ ಅತ್ತೆಯನ್ನು ಅಲ್ಲೇ ಬಿಟ್ಟು, ನಾವಿಬ್ಬರೇ ಲಾಸ್ ಏಂಜಲಿಸ್‌ನ ಒಂದು ಬಿಲ್ಲಿನ ಅಂಗಡಿ ಹುಡುಕಿಕೊಂಡು ಹೊರಟೆವು. ಗೋಡೆಯ ತುಂಬ ಜಿಂಕೆಯ ತಲೆಗಳು. ಯಜಮಾನರು ಅವುಗಳ ಕಣ್ಣು ತಪ್ಪಿಸುತ್ತಾ ಒಳಗೆ ಬಂದರು. ಬಿಳಿ ಮೀಸೆಯ ಅಂಗಡಿಯವನು ಕೇಳಿದ:

"ಏನನ್ನು ಹೊಡೆಯಬೇಕು ಅಂತಿದ್ದೀರಿ?"

"ನಿಜ ಹೇಳ್ಬೇಕಂದ್ರೆ, ಏನನ್ನೂ ಇಲ್ಲ," ಎಂದರು ನಮ್ಮವರು. "ಆದರೆ ಬಿಲ್ಲು ಮಾತ್ರ ಬೇಟೆಯದ್ದೇ ಆಗಿರಬೇಕು. ನೋಡಿದವರಿಗೆ ಗೊತ್ತಾಗಬೇಕು."

ಅಂಗಡಿಯವನು ಸ್ವಲ್ಪ ಹೊತ್ತು ಮೀಸೆ ಸವರಿಕೊಂಡ. ಆಮೇಲೆ ಇವರ ಎರಡೂ ಕೈ ಚಾಚಿಸಿ ಟೇಪು ಹಿಡಿದು ಅಳೆದ. ದರ್ಜಿಯ ಮುಂದೆ ನಿಂತ ಮದುಮಗನಂತೆ ನಿಂತಿದ್ದರು ಪಾಪ. ತೋಳಿನ ಉದ್ದಕ್ಕೆ ಸರಿಯಾಗಿ ಬಿಲ್ಲು ಇರಬೇಕಂತೆ, ಪಾದಕ್ಕೆ ಚಪ್ಪಲಿ ಇದ್ದ ಹಾಗೆ. ಅಳೆದಾದ ಮೇಲೆ ಅವನು ಒಂದು ಬಿಲ್ಲನ್ನು ತಂದು ಮೇಜಿನ ಮೇಲಿಟ್ಟ. ಕ್ಯಾಲೆಂಡರಿನಲ್ಲಿ ರಾಮ ಹಿಡಿದಿರುತ್ತಾನಲ್ಲ, ಆ ತರಹದ್ದೇ ಅಲ್ಲ. ಗಿಡ್ಡ, ದಪ್ಪ, ಎರಡು ತುದಿಗೂ ಒಂದೊಂದು ಗಾಲಿ, ಅವುಗಳ ಮೇಲೆ ಹಾದುಹೋದ ಹಗ್ಗಗಳು.

"ಏನ್ರೀ ಇದು! ಬಾವಿ ಗಡಗಡಿ ತಂದು ಬಿಲ್ಲಿಗೆ ಹಚ್ಯಾರಲ್ರೀ!" ಎಂದುಬಿಟ್ಟೆ.

"ಮೆತ್ತಗೆ ಮಾತಾಡೇ. ಅದು ಕಾಂಪೌಂಡ್ ಬೋ. ರಾಟೆ ಇರೋದೇ ಅದರ ವಿಶೇಷ."

ಅಂಗಡಿಯವನು ವಿವರಿಸಿದ. ಎಳೆಯಲು ಶುರುಮಾಡಿದಾಗ ಬಹಳ ಬಿಗಿ. ಅರ್ಧ ದಾಟಿದ ಮೇಲೆ ಗಾಲಿ ತಿರುಗಿ, ಭಾರವೆಲ್ಲ ಇಳಿದು, ಸಡಿಲವಾಗುತ್ತದೆ. ಆಮೇಲೆ ಆರಾಮಾಗಿ ಗುರಿ ನೋಡಬಹುದು. ಆದರೆ ಬಾಣ ಹೂಡದೆ ಹೆದೆಯನ್ನು ಬಿಡಬಾರದು, ಬಿಲ್ಲೇ ಒಡೆದೀತು.

"ನಿಮ್ಮ ಅವ್ವನಂಥದ್ದು ಅಲ್ಲ ಬಿಡ್ರಿ," ಎಂದೆ ನಾನು ಕನ್ನಡದಲ್ಲಿ. "ಅವರು ಕಡೀ ತನಕಾ ಬಿಗಿ."

ಯಜಮಾನರಿಗೆ ನಗಲು ಪುರಸೊತ್ತಿರಲಿಲ್ಲ. ಎಳೆದರು. ಮತ್ತೆ ಎಳೆದರು. ಕಾಲು ಭಾಗ ಬಂದು ನಿಂತಿತು. ಮುಖ ಕುಂಕುಮದ ಭರಣಿಯಾಯಿತು. "ಇದ್ರಲ್ಲಿ ಏನೋ ಡಿಫೆಕ್ಟ್ ಇದೆ," ಎಂದು ಗಾಲಿಯ ಸಂದಿಯಲ್ಲಿ ಇಣುಕಿ ನೋಡಿದರು.

"ಕುಣೀಲಾರದಾಕಿ ನೆಲ ಡೊಂಕು ಅಂದಳಂತ," ಎಂದೆ. ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೂ ನನ್ನನ್ನೇ ಕೂಗುವ ಪ್ರಾಣಿ ಅದು.

ಅಂಗಡಿಯವನು ಹಗುರದ್ದೊಂದನ್ನು ತರಲು ಹೊರಟವನು, ತಮಾಷೆಗೆ ಅದೇ ಬಿಲ್ಲನ್ನು ನನ್ನ ಕೈಗಿಟ್ಟ. ಗುರಿಯ ಕಡೆ ನಿಲ್ಲಿಸಿ, ಬಾಣ ಹೂಡಿ ಕೊಟ್ಟ. ನಮ್ಮ ತವರಿನ ಬಾವಿ ಪಾತಾಳದಷ್ಟು ಆಳ. "ಹಗ್ಗ ತೋಳಿಲೆ ಜಗ್ಗಬ್ಯಾಡ, ಬೆನ್ನಿಲೆ ಜಗ್ಗು," ಎಂದು ಅವ್ವ ದಿನಾ ಬೈದು ಕಲಿಸಿದ್ದಳು. ನಾನು ಬೆನ್ನಿನಿಂದ ಜಗ್ಗಿದೆ. ಮೊದಲು ಬಿಗಿ, ಆಮೇಲೆ ಗಾಲಿ ಹೊರಳಿತು, ಕೊಡ ಬಾವಿಯ ಕಟ್ಟೆಗೆ ಬಂದಾಗ ಆಗುತ್ತದಲ್ಲ, ಹಾಗೆ ಕೈ ಹಗುರಾಯಿತು. ಬಿಟ್ಟೆ. ಬಾಣ ಹೋಗಿ ಹುಲ್ಲಿನ ಪೆಂಡಿಗೆ ಟಪ್ ಎಂದು ನಟ್ಟಿತು.

ಆ ಸದ್ದು ನನ್ನ ಎದೆಯೊಳಗೇ ಆಯಿತು. ಈ ದೇಶಕ್ಕೆ ಬಂದ ಮೇಲೆ ನನ್ನ ತೋಳಿಗೆ ತಕ್ಕ ಕೆಲಸ ಒಂದೂ ಸಿಕ್ಕಿರಲಿಲ್ಲ. ನಲ್ಲಿ ತಿರುವಿದರೆ ನೀರು, ಗುಂಡಿ ಒತ್ತಿದರೆ ಹಿಟ್ಟು. ಆ ಬಿಲ್ಲು ನನಗೆ ಬೇಕು ಅನ್ನಿಸಿತು. ಸೀರೆ, ಬಂಗಾರ ಯಾವುದನ್ನೂ ನಾನು ಹಾಗೆ ಬಯಸಿದ್ದಿಲ್ಲ.

"ಇದೇ ಕೊಡಿ," ಎಂದರು ಯಜಮಾನರು.

ನನಗೆ ಕೊಡಿಸುತ್ತಿದ್ದಾರೆಂದು ಒಂದು ಕ್ಷಣ ಹಿಗ್ಗಿದೆ.

"ನೀನೇ ಎಳೆದ ಮೇಲೆ ನನಗೇನು ಕಷ್ಟ? ಒಂದು ತಿಂಗಳು ಪ್ರಾಕ್ಟೀಸ್ ಮಾಡಿದ್ರೆ ಬರುತ್ತೆ."

ಬರಲಿಲ್ಲ. ದಿನಾ ಸಂಜೆ ಗ್ಯಾರೇಜಿನ ಬಾಗಿಲು ಹಾಕಿಕೊಂಡು ತಿಣುಕುತ್ತಿದ್ದರು. ಹೊರಗೆ ಬಂದು, "ಇವತ್ತು ಸ್ವಲ್ಪ ಇಂಪ್ರೂವ್ ಆಯ್ತು," ಎಂದು ಭುಜಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವರು ಆಫೀಸಿಗೆ ಹೋದ ಮೇಲೆ, ಅತ್ತೆ ಜಪಕ್ಕೆ ಕೂತಾಗ, ನಾನು ಮೆಲ್ಲಗೆ ಬಿಲ್ಲನ್ನು ಹಿತ್ತಲಿಗೆ ಒಯ್ಯುತ್ತಿದ್ದೆ. ನಮ್ಮ ಹಿತ್ತಲ ಹಿಂದೆ ಬರೀ ಗುಡ್ಡ. ಅದಕ್ಕೆ ಒರಗಿಸಿಟ್ಟಿದ್ದ ಹುಲ್ಲಿನ ಪೆಂಡಿಗೆ ಟಪ್, ಟಪ್.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ನಿಮ್ಮ ಬ್ಯಾಟಿ ಮುಗಿದ ಮ್ಯಾಲೆ ಆ ಬಿಲ್ಲು ನನಗ ಕೊಡ್ರಿ."

"ನಿನಗ್ಯಾಕೆ? ಯಾರನ್ನ ಹೊಡೀತೀಯಾ?"

"ಮೊದಲ ನಿಮ್ಮನ್ನ."

ಅವರು ನಕ್ಕು, ದನಿ ತಗ್ಗಿಸಿ, ತಮ್ಮ ಉಪಾಯ ಹೇಳಿದರು. ಬೆಟ್ಟಕ್ಕೆ ಹೋದ ಕೂಡಲೇ ಬಿಲ್ಲನ್ನು ಬಾಸಿಗೇ ಪ್ರೆಸೆಂಟ್ ಮಾಡಿಬಿಡುವುದು! ಬಾಸಿಗೂ ಖುಷಿ, ಇವರೂ ಎಲ್ಲರೆದುರು ಎಳೆಯಬೇಕಾಗಿಲ್ಲ. ಇಂಜಿನಿಯರ್ ತಲೆ ನೋಡಿ! ಅತ್ತೆ ಅಲ್ಲೇ ಬತ್ತಿ ಹೊಸೆಯುತ್ತಿದ್ದರು, ಅವರೆದುರು ಜಗಳ ತೆಗೆಯುವುದು ಹೇಗೆ? ಎದ್ದುಹೋಗಿ ಪಾತ್ರೆಗಳನ್ನು ದಡಬಡ ತಿಕ್ಕಿದೆ. ಶನಿವಾರ ಬೆಳಿಗ್ಗೆ ಬಾಸಿನ ಟ್ರಕ್ಕು ಬರುವುದಿತ್ತು. ಅದರಲ್ಲಿ ಬಿಲ್ಲು ಹತ್ತಿತೆಂದರೆ ಮುಗಿಯಿತು.

ಶನಿವಾರ ಎದ್ದು ನೋಡುತ್ತೇನೆ, ಗ್ಯಾರೇಜಿನ ತುಂಬ ಊದುಬತ್ತಿಯ ಹೊಗೆ. ಅವತ್ತು ಆಯುಧಪೂಜೆ. ನಮಗೆ ಮರೆತೇಹೋಗಿತ್ತು, ಅತ್ತೆಗೆ ಮರೆಯುತ್ತದೆಯೇ? ಕಾರಿನ ಬಾನೆಟ್ಟಿಗೆ ವಿಭೂತಿ, ಮಿಕ್ಸಿಗೆ ಅರಿಶಿನ, ಇಸ್ತ್ರಿಪೆಟ್ಟಿಗೆಗೆ ಹೂವು. ನಡುವೆ ಮಣೆಯ ಮೇಲೆ ರಂಗೋಲಿ ಬಿಟ್ಟು ಬಿಲ್ಲನ್ನು ಕೂರಿಸಿದ್ದರು. ಗಾಲಿ ಇರುವುದಕ್ಕೆಲ್ಲ ನಿಂಬೆಹಣ್ಣು ಇಡಬೇಕಲ್ಲ? ಕಾರಿನ ನಾಲ್ಕು ಗಾಲಿಗೆ ನಾಲ್ಕು ಇಟ್ಟು, ಬಿಲ್ಲಿನ ಎರಡು ಗಾಲಿಗೆ ಇನ್ನೆರಡು ಇಟ್ಟಿದ್ದರು.

ಹೊರಗೆ ಹಾರನ್ ಆಯಿತು. ಯಜಮಾನರು ಬೂಟಿನಲ್ಲೇ ಓಡಿಬಂದರು.

"ಅಮ್ಮಾ! ಅದು ಬೇಕು ನನಗೆ!"

"ಮುಟ್ಟಬೇಡ! ಪೂಜೆಗಿಟ್ಟ ಆಯುಧ ಇವತ್ತು ಮುಟ್ಟಬಾರದು ಅಂತ ಗೊತ್ತಿಲ್ವಾ? ನಾಳೆ ವಿಜಯದಶಮಿ ದಿನ ತೆಗೆಯೋದು."

"ಬಾಸ್ ಬಂದಿದಾರಮ್ಮಾ!"

"ಬರ್ಲಿ. ಮಂಗಳಾರತಿ ತಗೊಂಡು ಹೋಗ್ಲಿ."

ಬಾಸು ಇಣುಕಿದ. ಆರಡಿ ಮನುಷ್ಯ, ಮೈತುಂಬ ಹಸಿರು ಚುಕ್ಕೆಯ ಬಟ್ಟೆ. ಏನಾಗುತ್ತಿದೆ ಎಂದು ಕೇಳಿದ. ನಮ್ಮವರು ತಡವರಿಸಿ, "ಬಿಲ್ಲು ಇವತ್ತು ಚರ್ಚಿಗೆ ಹೋಗಿದೆ," ಎಂದರು. ಬಾಸು ಬಿಲ್ಲನ್ನು ನೋಡಿದ, ನಿಂಬೆಹಣ್ಣು ನೋಡಿದ, ಅತ್ತೆಯ ಮುಖ ನೋಡಿ ಟೋಪಿ ತೆಗೆದ. ಅತ್ತೆ ಅವನ ಹಣೆಗೂ ಒಂದು ಕುಂಕುಮ ಇಟ್ಟು, ದೊಡ್ಡ ಡಬ್ಬಿಯ ತುಂಬ ಚಿತ್ರಾನ್ನ ಕೊಟ್ಟರು. ಬಿಲ್ಲಿಲ್ಲದಿದ್ದರೇನು, ಅಡಿಗೆಯವನಾಗಿ ಬಾ ಎಂದು ಬಾಸು ಇವರನ್ನು ಟ್ರಕ್ಕಿಗೆ ಹತ್ತಿಸಿಕೊಂಡ. ಹೋಗುವಾಗ ನಮ್ಮವರ ಮುಖದಲ್ಲಿದ್ದ ಸಮಾಧಾನ ನೋಡಬೇಕಿತ್ತು, ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಹಾಗೆ.

ಮಾರನೆಯ ದಿನ ಅತ್ತೆ ಮಣೆಯನ್ನು ಕದಲಿಸಿ, ಬಿಲ್ಲನ್ನೆತ್ತಿ ನನ್ನೆದುರು ಹಿಡಿದರು.

"ವಿಜಯದಶಮಿ. ಆಯುಧ ಒಂದ್ಸಲನಾದ್ರೂ ಕೆಲಸ ಮಾಡ್ಬೇಕು. ತಗೋ."

"ನನಗೆಲ್ಲಿ ಬರ್ತದರೀ ಅತ್ತೀ?"

"ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದ್ಲಂತೆ. ಒಂದು ತಿಂಗಳಿಂದ ಕಿಟಕೀಲಿ ನೋಡ್ತಿದೀನಿ. ನನ್ನ ಜಪ ಅಷ್ಟು ಹೊತ್ತು ನಡೆಯೋದು ಯಾವಾಗ ನೋಡಿದೀಯಾ?"

ನಾನು ಎರಡೂ ಕೈ ಚಾಚಿ ಬಿಲ್ಲನ್ನು ತೆಗೆದುಕೊಂಡೆ.

"ನನ್ನ ಮಗನ ತೋಳು ನನಗೆ ಗೊತ್ತಿಲ್ವೇನೇ? ಜಾಡಿ ಮುಚ್ಚಳ ತೆಗೀಲಾರದೋನು. ಇಷ್ಟು ಒಳ್ಳೇ ಬಿಲ್ಲನ್ನ ಯಾರೋ ಬಾಸಿಗೆ ಕೊಡ್ತಾನಂತೆ, ಮುಠ್ಠಾಳ." ಅಷ್ಟು ಹೇಳಿ ಹಿತ್ತಲಿಗೆ ನಡೆದು, ಹುಲ್ಲಿನ ಪೆಂಡಿಯ ಮಧ್ಯೆ ಕುಂಕುಮದಲ್ಲಿ ಒಂದು ಬೊಟ್ಟಿಟ್ಟರು. "ಹುಲ್ಲಿಗೆ ಮಾತ್ರ ಹೊಡಿ. ಪ್ರಾಣಿ ಗೀಣಿ ಅಂದ್ಯೋ, ನೋಡು ಮತ್ತೆ." ಪಕ್ಕಕ್ಕೆ ಬಂದು, ಸೆರಗು ಸಿಕ್ಕಿಸಿಕೊಂಡು ನನ್ನ ಹಿಂದೆ ನಿಂತರು.

ಬಾಣ ಹೂಡಿದೆ. ಬೆನ್ನಿನಿಂದ ಜಗ್ಗಿದೆ. ಗಾಲಿ ಹೊರಳಿ ಹಗುರಾಯಿತು. ಟಪ್. ಬೊಟ್ಟಿಗೆ ಒಂದು ಬೆರಳು ಪಕ್ಕ.

ಆ ಹೊತ್ತಿಗೆ ಸರಿಯಾಗಿ ಯಜಮಾನರು ಬಂದಿಳಿದರು. ಒಂದು ಜಿಂಕೆಯೂ ಕಣ್ಣಿಗೆ ಬಿದ್ದಿರಲಿಲ್ಲವಂತೆ. ಚಿತ್ರಾನ್ನ ಮಾತ್ರ ಅಗುಳೂ ಉಳಿಯಲಿಲ್ಲವಂತೆ, ಮುಂದಿನ ವರ್ಷಕ್ಕೆ ಈಗಲೇ ಕರೆದಿದ್ದಾರಂತೆ. ಹೇಳುತ್ತಾ ಹೇಳುತ್ತಾ ಹಿತ್ತಲಿಗೆ ಬಂದವರು ಬಾಣ ನೋಡಿ ನಿಂತರು.

"ಇದು ಯಾರು ಹೊಡೆದಿದ್ದು?"

"ಬಿಲ್ಲು ಯಾರದೋ ಅವಳು," ಎಂದರು ಅತ್ತೆ.

"ಮತ್ತೆ ಬಾಸಿಗೆ?"

"ಅವನಿಗೆ ಚಿತ್ರಾನ್ನ ಸಾಕು."

ನಾನು ಬಿಲ್ಲನ್ನು ಎದೆಗೊತ್ತಿಕೊಂಡು ಅಳುತ್ತಾ ನಿಂತುಬಿಟ್ಟೆ. ಅತ್ತೆ ನನ್ನ ದಪ್ಪ ತೋಳನ್ನು ಹಿಡಿದು ಗುಡ್ಡದ ಕಡೆಗೆ ನೂಕಿದರು.

"ಆಮೇಲೆ ಅಳುವೆಯಂತೆ. ಹೋಗು, ಬಾಣ ಕಿತ್ಕೊಂಡು ಬಾ. ಇನ್ನೊಂದ್ಸಲ ನೋಡ್ಬೇಕು ನಾನು."