ಎಮಿನೆಮ್ಮ ಚೆಲ್ಲಿದ ನೀರು

ಹಡಗಿನ ಕೆಲಸದಲ್ಲಿ ಬಿದ್ದು ಇಸ್ತಾಂಬುಲಿನ ಆಸ್ಪತ್ರೆ ಸೇರಿದ್ದ ತಮ್ಮನನ್ನು ತಿಂಗಳುಗಟ್ಟಲೆ ನೋಡಿಕೊಂಡು, ಇವತ್ತು ನಾನೂ ಅವ್ವನೂ ಅವನನ್ನು ನಮ್ಮೂರು ಧರ್ಮಪುರಕ್ಕೆ ಕರೆದುಕೊಂಡು ಹೊರಟೆವು. ಟ್ಯಾಕ್ಸಿ ಕದಲುತ್ತಲೇ, ನಮಗೆ ಕೋಣೆ ಕೊಟ್ಟು ದಿನಾ ಬೇಳೆಸಾರಿನಂಥದ್ದೇನೋ ಮಾಡಿಕೊಡುತ್ತಿದ್ದ ಎಮಿನೆಮ್ಮ ಅಳುತ್ತಾ ನಮ್ಮ ಹಿಂದೆ ಒಂದು ಜಗ್ಗು ನೀರು ಚೆಲ್ಲಿದರು.

ಅವ್ವ ಬೆಚ್ಚಿದಳು. "ಹೆಣ ಹೋದ ಮ್ಯಾಲಲ್ವಾ ಹಿಂದೆ ನೀರು ಹಾಕಾದು? ನನ್ ಮಗ ಇಲ್ಲೇ ಕುಂತಾನಲ್ಲ."

ನಾನು ಹಿಂದಕ್ಕೆ ಕೈ ತೋರಿಸಿ, ಯಾಕೆ ಎಂದು ಡ್ರೈವರ್‌ಗೆ ಸನ್ನೆ ಮಾಡಿದೆ. ಅವನು ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸಿದ: ಹೋದವರು ಮತ್ತೆ ಬರಲಿ ಅಂತ ಇಲ್ಲಿ ಹಾಗೆ ನೀರು ಚೆಲ್ಲುತ್ತಾರಂತೆ.

"ಮತ್ತೆ ಆ ಆಸ್ಪತ್ರೆಗಾ? ಬ್ಯಾಡಪ್ಪ" ಎಂದ ಅವ್ವ ಹಿಂದಿನ ಗಾಜಿನಲ್ಲಿ ಎಮಿನೆಮ್ಮನತ್ತ ತಿರುಗಿ ನೋಡಿದಳು. ಆಮೇಲೆ, "ಆಯಮ್ಮ ನಮ್ಮೂರಿಗೆ ಬರ್ಬೇಕಂದ್ರೆ ನೀರು ಎಲ್ಲಿ ಹಾಕ್ಬೇಕಂತೆ, ಕೇಳೇ" ಎಂದಳು.

ಇದನ್ನು ಕೇಳಲು ನಾನು ಡ್ರೈವರ್ ಕಡೆ ಬಾಗಿದೆ. ಅವ್ವ ಆಗಲೇ ಕೈಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದಿದ್ದಳು.